ನಲವತ್ತೊಂದನೇ ಮನೆಯ ಮಂಚ

“ಕೆಮ್ಮಬೇಡ್ವೋ ಮುಂಡೇದೆ! ಸಾಹೇಬ್ರು ಬಗ್ಗಿ ಮಾತಾಡ್ಸುವಾಗ ಮುಖದ ಮೇಲೇನಾದ್ರೂ ಉಗುಳಿದ್ರೆ ಹಲ್ಲು ಉದುರಿಸ್ತೀನಿ.”

ಶಾಸಕನ ಪಿಎ ಬೈದದ್ದು ಮಂಚದ ಮೇಲಿದ್ದವನಿಗೆ, ಬೆವರಿದ್ದು ಅವನ ಹೆಂಡತಿ. ಇಪ್ಪತ್ತೆರಡು ವರ್ಷ ಕಲ್ಲುಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಿಷನ್ ಹಿಡಿದು ಪುಡಿ ನುಂಗಿದವನು ಕೆಮ್ಮದೆ ಇರುವುದಾದರೂ ಹೇಗೆ? ಆದರೂ ಅವಳು “ಕೆಮ್ಮಲ್ಲ ಸಾರ್, ನಾನು ನೋಡ್ಕೋತೀನಿ” ಅಂದು ಗಂಡನ ಬಾಯಿ ಒರೆಸಿದಳು.

ಮಂಚ ಬೆಳಗ್ಗೆ ಶಾಸಕನ ಕಡೆಯಿಂದ ಬಂದಿತ್ತು. ಆಸ್ಪತ್ರೆಯ ಮಂಚ, ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುವಂಥದ್ದು. ಅಜ್ಜ ಮಂತ್ರಿ, ಅಪ್ಪ ಮಂತ್ರಿ, ಈಗ ಮೊಮ್ಮಗ ಮೊದಲ ಸಲ ಶಾಸಕ. ಗೆದ್ದು ಎರಡು ತಿಂಗಳಾಗಿರಲಿಲ್ಲ, ‘ನೂರು ದಿನ, ನೂರು ಮನೆ’ ಅಂತ ಹೊರಟಿದ್ದ. ಇವಳದು ನಲವತ್ತೊಂದನೆಯದು. ಮಲಗಿದರೆ ಉಸಿರು ಕಟ್ಟುವ ಗಂಡ ತಿಂಗಳುಗಟ್ಟಲೆ ಗೋಡೆಗೊರಗಿ ಕೂತೇ ಕಣ್ಣು ಮುಚ್ಚುತ್ತಿದ್ದ. ಈ ಮಂಚಕ್ಕೆ ಒರಗಿದ ಮೇಲೆ ಅವನ ಎದೆಯ ಗೊರಗೊರ ತಗ್ಗಿತು. ಯಾರು ಎಷ್ಟಾದರೂ ಬೈದುಕೊಳ್ಳಲಿ, ಮಂಚ ಒಂದು ಉಳಿದರೆ ಸಾಕು ಅಂತ ಅವಳು ಹಲ್ಲು ಕಚ್ಚಿಕೊಂಡಿದ್ದಳು.

ಶಾಸಕ ಕ್ಯಾಮೆರಾದವನ ಜೊತೆ ಬಂದ. ಹುಡುಗ ಕೆಟ್ಟವನಲ್ಲ, ಹಾಳಾಗಿಹೋಗಲಿ, ಅದೇ ಸಂಕಟ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಕಾಯಿಲೆಯವನ ಕೈ ಹಿಡಿದುಕೊಂಡು ಕೇಳಿದ: “ಎಲ್ಲಿ ಕೆಲಸ ಮಾಡ್ತಿದ್ರಿ ಯಜಮಾನ್ರೇ?”

“ನಿಮ್ ಕ್ವಾರೀಲೇ ಧಣಿ. ನಿಮ್ ತಂದೆಯೋರ ಕಾಲದಿಂದ.”

ಕ್ಯಾಮೆರಾದವನು ಪಿಎ ಕಡೆ ನೋಡಿದ.

“ಅದನ್ನ ತೆಗೆದಾಕು,” ಅಂದ ಪಿಎ. “ಸಾರ್, ಇನ್ನೊಂದ್ಸಲ. ಬರೀ ಆರೋಗ್ಯ ಕೇಳಿ ಸಾಕು.”

ಶಾಸಕ ಹೊರಗೆ ಹೋಗಿ, ಮತ್ತೆ ಬಾಗಿಲಿಂದ ಒಳಗೆ ಬಂದು, ಆರೋಗ್ಯ ಕೇಳಿದ. ಕಣ್ಣು ಈ ಸಲವೂ ಒದ್ದೆಯಾಯಿತು.

ಅವರೆಲ್ಲ ಹೋದ ಮೇಲೆ ಗಂಡ ನಿದ್ದೆ ಹೋದ. ಎಷ್ಟು ತಿಂಗಳ ನಿದ್ದೆಯೋ, ಬಾಯಿ ತೆರೆದು ಮಗುವಿನ ಹಾಗೆ ಮಲಗಿದ್ದ. ನೋಡಿ ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಪಿಎ ತಿರುಗಿ ಬಂದ, ಕ್ವಾರಿಯ ನಾಲ್ವರು ಆಳುಗಳ ಜೊತೆ.

“ಇಳಿಸಮ್ಮಾ ಅವನ್ನ. ಮಂಚ ಮುಂದಿನ ಮನೆಗೆ ಹೋಗ್ಬೇಕು.”

“ನಮಗೆ ಕೊಟ್ಟಿದ್ದಲ್ವಾ ಸಾರ್?”

“ಕೊಡೋಕೆ ನಿಮ್ಮಪ್ಪ ತಂದಿದ್ನಾ? ಕಾಯಿಲೆಯವ್ರ ಮನೆಗೆಲ್ಲ ಇದೊಂದೇ ಮಂಚ. ಸಾಹೇಬ್ರು ಅಲ್ಲಿ ಕಾಯ್ತಾ ಕೂತಿದಾರೆ.”

“ಯಾರ ಮನೆ?”

ಆಳುಗಳಲ್ಲೊಬ್ಬ ನೆಲ ನೋಡುತ್ತ ಹೇಳಿದ: “ನಮ್ ಕುಳ್ಳಣ್ಣಂದು ಅಕ್ಕಾ. ಭಾವನ ಜೊತೆ ಮಿಷನ್ ಹಿಡೀತಿದ್ನಲ್ಲ, ಅವಂದು.”

ಕುಳ್ಳಣ್ಣನ ಎದೆಯಲ್ಲೂ ಅದೇ ಗೊರಗೊರ. ಅವನೂ ಕೂತೇ ನಿದ್ದೆಗೆ ಒದ್ದಾಡುವವನು. ಬೇಡ ಅನ್ನುವುದಾದರೆ ಯಾರಿಗೆ ಬೇಡ ಅನ್ನಬೇಕು?

“ಒಂದು ಗಳಿಗೆ ತಡೀರಿ ಸಾರ್. ತಾವಾಗೇ ಎದ್ದ ಮೇಲೆ...”

“ಎಬ್ಬಿಸ್ತೀಯೋ, ಮುಖಕ್ಕೆ ನೀರು ಸುರೀಲೋ?”

ಅವಳು ಗಂಡನ ಭುಜದ ಮೇಲೆ ಕೈಯಿಟ್ಟಳು. ಅಲುಗಿಸಲು ಮನಸ್ಸು ಬರಲಿಲ್ಲ.

“ಎಬ್ಬಿಸಲ್ಲ,” ಅಂದಳು. ಆಳುಗಳ ಕಡೆ ತಿರುಗಿದಳು. “ಇವರ ಸಮೇತ ಎತ್ರಪ್ಪಾ.”

ಪಿಎ ಅವಳ ವಂಶವನ್ನೆಲ್ಲ ಜಾಲಾಡಿಸಿ ಬೈದ. ನಾಲ್ವರೂ ಕಿವಿ ಕೇಳದವರ ಹಾಗೆ ಮಂಚಕ್ಕೆ ಹೆಗಲು ಕೊಟ್ಟರು.

ಬೀದಿಯಲ್ಲಿ ಮಂಚ ಹೊರಟಾಗ ಜನ ಬಾಗಿಲಿಗೆ ಬಂದು ಕೈ ಮುಗಿದರು. ಕಟ್ಟೆಯ ಮೇಲಿದ್ದ ಮುದುಕನೊಬ್ಬ ಸಿಗರೇಟು ಹೊಸಕಿ ಎದ್ದ. ಅವಳು ಮಂಚದ ಮುಂದೆ ಮುಂದೆ ನಡೆದಳು.

ಕುಳ್ಳಣ್ಣ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಅವನ ಪಕ್ಕ ಕುರ್ಚಿಯಲ್ಲಿದ್ದ ಶಾಸಕ, ಮಂಚ ಕಂಡದ್ದೇ ಗಡಬಡಿಸಿ ಎದ್ದು ನಿಂತ. ಗಂಟೆಯ ಹಿಂದೆ ಎರಡು ಸಲ ಮಾತಾಡಿಸಿದ ಮುಖದ ಗುರುತೇ ಅವನಿಗೆ ಸಿಗಲಿಲ್ಲ.

“ಅಯ್ಯೋ ಪಾಪ... ಯಾವಾಗ ತೀರ್ಕೊಂಡ್ರಮ್ಮಾ?”

“ಸತ್ತಿಲ್ಲ ಧಣಿ, ನಿದ್ದೆ ಮಾಡ್ತಿದಾರೆ,” ಅಂದಳು. “ಮಂಚ ಇವರಿಗೂ ಬೇಕು, ಕುಳ್ಳಣ್ಣಂಗೂ ಬೇಕು. ಇಳಿಸೋದಾದ್ರೆ ನೀವೇ ಇಳಿಸಿ.”

ಶಾಸಕ, ಈಗೇನು ಹೇಳಬೇಕು ಅಂತ ಕೇಳುವವನ ಹಾಗೆ, ಮಂಚದ ಹಿಂದೆಯೇ ಬಂದಿದ್ದ ಪಿಎ ಮುಖ ನೋಡಿದ.