ಮೂರನೇ ಮೈಕು

ನನ್ನ ತಂಗಿ ಸುಳ್ಳು ಹೇಳುವವಳಲ್ಲ. ಮನೆಮಂದಿಗೆಲ್ಲ ಅದೇ ದೊಡ್ಡ ತಲೆನೋವು. ಹಾಗಾಗಿ ಆ ಸೋಮವಾರ ನೋಡಲು ಹೋದಾಗ, ಮಂಚಕ್ಕೆ ಒರಗಿ ಕೂತಿದ್ದವಳು, "ಅಕ್ಕ, ನೀನು ಹಾಡೋದು ಯಾವಾಗ ಬಿಟ್ಟೆ?" ಎಂದು ಕೇಳಿದಾಗ ತಮಾಷೆ ಎಂದು ತಳ್ಳಿಹಾಕಲು ಆಗಲಿಲ್ಲ.

ಬಿಡುವುದೇ? ನಾನೇ? ಹಿಂದಿನ ದಿನವಷ್ಟೇ ಆರಾಧನೆಯಲ್ಲಿ ಗಂಟಲು ಹರಿಯುವ ಹಾಗೆ ಹಾಡಿ ಬಂದಿದ್ದೆ. ನನ್ನ ಪಕ್ಕದ ಗಿಟಾರಿನ ಹುಡುಗಿ ಒಂದು ಹೆಜ್ಜೆ ಸರಿದು ನಿಂತಿದ್ದಳು, ಅಷ್ಟು ಜೋರಾಗಿ.

ಶ್ವಾಸಕೋಶ ಕೈಕೊಟ್ಟ ಮೇಲೆ ತಂಗಿ ಚರ್ಚಿಗೆ ಬರುವುದು ನಿಂತಿತ್ತು. ಭಾನುವಾರದ ಆರಾಧನೆಯನ್ನು ಫೋನಿನಲ್ಲಿ ಲೈವ್ ನೋಡುತ್ತಿದ್ದಳು. ನೀನು ಬಾಯಿ ತೆರೆಯುವುದು ಕಾಣುತ್ತದೆ, ದನಿ ಬರುವುದಿಲ್ಲ, ಉಳಿದವರದೆಲ್ಲ ಬರುತ್ತದೆ ಎಂದಳು. ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲವೆಂದು ಅವಳ ಎದುರೇ ಹೇಳಿಬಿಟ್ಟಿದ್ದರು. "ಹೋಗೋಕೆ ಮುಂಚೆ ಒಂದ್ಸಲ ನಿನ್ನ ಹಾಡು ಕೇಳ್ಬೇಕು ಅಂತ ಪ್ರತಿ ವಾರ ಕಾಯ್ತೀನಿ ಅಕ್ಕ," ಎಂದು ಫೋನು ನನ್ನ ಕೈಗಿಟ್ಟಳು.

ನೋಡಿದೆ. ಮೂರನೇ ಮೈಕಿನ ಮುಂದೆ ನಾನು. ಕಣ್ಣು ಮುಚ್ಚಿ, ಕೈ ಎತ್ತಿ, ಬಾಯನ್ನು ಇಷ್ಟಗಲ ತೆರೆದು ನಿಂತಿದ್ದೇನೆ. ಒಂದು ಎಳೆ ದನಿಯೂ ಇಲ್ಲ. ಹಿಂದಿನ ವಾರದ್ದು ತೆಗೆಸಿದೆ, ಅದರ ಹಿಂದಿನದು ತೆಗೆಸಿದೆ. ಎಲ್ಲದರಲ್ಲೂ ನಾನೊಬ್ಬಳೇ ಮೂಗಿ.

ನಾವಿಬ್ಬರೂ ಅಪ್ಪನ ಕೈಯಲ್ಲಿ ಹಾಡು ಕಲಿತವರು. ಆಗ ಚರ್ಚಿನಲ್ಲಿ ಮೈಕಿರಲಿಲ್ಲ, ಒಂದು ಹಾರ್ಮೋನಿಯಂ ಮಾತ್ರ. ಅಭ್ಯಾಸದ ದಿನ ಅಪ್ಪ ಕೊನೆಯ ಬೆಂಚಿನಲ್ಲಿ ಕೂತು, ದನಿ ಅಲ್ಲಿಗೆ ಮುಟ್ಟದಿದ್ದರೆ ಕೈ ಎತ್ತುತ್ತಿದ್ದರು. ಆ ಕೈ ಕಂಡರೆ ಸಾಕು, ನಾನು ಇನ್ನಷ್ಟು ಏರಿಸುತ್ತಿದ್ದೆ. ಮುಖ್ಯ ರಾಗ ನನ್ನದು, ಅದರ ಅಡಿಯಲ್ಲಿ ಹರಿಯುವ ಎರಡನೇ ದನಿ ತಂಗಿಯದು. ಈಗಿನ ಪಾಸ್ಟರು ಬಂದ ಮೇಲೆ ಡ್ರಮ್ಮು ಬಂತು, ಗಿಟಾರು ಬಂತು, ಕೀರ್ತನೆ ಪುಸ್ತಕ ಹೋಗಿ ಗೋಡೆಯ ಮೇಲೆ ಪರದೆ ಬಂತು. ಹಳೆಯ ಕೀರ್ತನೆಗಳನ್ನು ಕುಣಿಯುವ ತಾಳಕ್ಕೆ ಕೂರಿಸಿದಾಗ ಮೈಯೆಲ್ಲ ಉರಿದಿತ್ತು. ಆದರೂ ಜಾಗ ಬಿಡಲಿಲ್ಲ. ನಾನೂ ಹೊರಟರೆ ಅಪ್ಪ ಕಲಿಸಿದ ರಾಗ ಹಿಡಿಯುವವರು ಯಾರು?

ಆದರೆ ಒಂದು ವಿಷಯ ಬಗೆಹರಿಯಲಿಲ್ಲ. ಹಾಡುವಾಗ ನನ್ನ ದನಿ ನನಗೆ ಕಾಲಬುಡದ ಪುಟ್ಟ ಸ್ಪೀಕರಿನಿಂದ ಖಣಖಣ ಕೇಳುತ್ತದೆ. ಮೈಕು ಕೆಟ್ಟಿದ್ದರೆ ಅದು ಹೇಗೆ ಕೇಳೀತು? ಮೆಟ್ಟಿಲು ಇಳಿಯುವಾಗ ಹೊಳೆಯಿತು. ಕೆಟ್ಟಿಲ್ಲ. ನನಗೆ ಮಾತ್ರ ಕೇಳುವ ಹಾಗೆ ಯಾರೋ ಮಾಡಿಟ್ಟಿದ್ದಾರೆ. ಚರ್ಚಿನಲ್ಲಿ ಮೈಕುಗಳ ದನಿ ಏರಿಸಿ ಇಳಿಸುವ ಗುಂಡಿಗಳ ಪೆಟ್ಟಿಗೆಯ ಮುಂದೆ ಕೂರುವವರು ಒಬ್ಬರೇ. ನನ್ನ ಗಂಡ.

ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಇವರು ಆ ಕೆಲಸಕ್ಕೆ ಸೇರಿಕೊಂಡಿದ್ದರು. ನಾನು ಮನೆಗೆ ಹೋದಾಗ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಚಪ್ಪಲಿಯನ್ನೂ ಬಿಡದೆ ಕೇಳಿದೆ. ಇಲ್ಲ ಎನ್ನಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇವರು ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟು, ತಲೆ ಎತ್ತದೆ, ಹೌದು ಎಂದರು.

ಹಾಡಿನ ತಂಡ ನಡೆಸುವ ಪಾಸ್ಟರ ಸೊಸೆ ನನ್ನನ್ನು ಬೆಂಚಿಗೆ ಕಳಿಸಬೇಕೆಂದು ಹಟ ಹಿಡಿದಿದ್ದಳಂತೆ. ನನ್ನ ಹೆಂಡತಿ ಆ ಮೈಕು ಬಿಟ್ಟು ಇಳಿದರೆ ಬದುಕಿ ಉಳಿಯುವುದಿಲ್ಲ, ನಿಂತಿರಲಿ, ಮಿಕ್ಕಿದ್ದು ನನಗೆ ಬಿಡಿ ಎಂದು ಇವರೇ ಹೇಳಿದರಂತೆ. ಆಮೇಲೆ ನನ್ನ ಮೈಕಿಗೆ ಬೇರೆ ದಾರಿ ಮಾಡಿದರಂತೆ. "ನಿನ್ನ ಕಾಲಹತ್ರದ ಸ್ಪೀಕರ್‌ಗೆ ಬರುತ್ತೆ, ನನ್ನ ಹೆಡ್‌ಫೋನಿಗೆ ಬರುತ್ತೆ. ನಾವಿಬ್ರೇ ಕೇಳೋದು ಕಣೇ."

ನನ್ನ ಜೊತೆ ನಲವತ್ತು ವರ್ಷ ಬಾಳಿದ ಮನುಷ್ಯ ವಾರವಾರವೂ ನನ್ನ ಕಿವಿಗೆ ಹೂವಿಟ್ಟು, ಆಮೇಲೆ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದಿದ್ದಾನೆ. ಇವತ್ತು ಚೆನ್ನಾಗಿ ಬಂತು ಅಲ್ವಾ ಎಂದು ನಾನು ಬೆನ್ನ ಹಿಂದಿನಿಂದ ಕೇಳಿದರೆ ಹೂಂ ಎಂದಿದ್ದಾನೆ. ನನಗೆ ಮಾತು ನಿಂತದ್ದನ್ನು ಇವರು ಅದೇ ಮೊದಲು ನೋಡಿದ್ದಿರಬೇಕು, ಹೆದರಿಬಿಟ್ಟರು.

"ದೇವರಿಗೆ ಮೈಕ್ ಬೇಕಾ?" ಎಂದರು, ಸಮಾಧಾನ ಮಾಡುವ ದನಿಯಲ್ಲಿ.

"ದೇವರಿಗೆ ಬೇಡ. ನನ್ನ ತಂಗಿಗೆ ಬೇಕಿತ್ತು."

ನನ್ನ ದನಿಗೆ ಏನಾಗಿದೆ ಎಂದು ಕೇಳಿದೆ. ಇವರು ಇಸ್ತ್ರಿಪೆಟ್ಟಿಗೆಯ ವೈರನ್ನೇ ತಿರುವುತ್ತ, ಹುಡುಗರ ರುಚಿ ಬೇರೆ ಎಂದರು. ಬರುವ ಭಾನುವಾರ ಬೇಕಾದರೆ ಲೈವಿಗೆ ಮಾತ್ರ ಬಿಡುತ್ತೇನೆ ಎಂದರು. ಭಿಕ್ಷೆ ಬೇಡ ಎಂದೆ. ವಾರವಿಡೀ ಮಾತು ಬಿಟ್ಟೆ.

ಭಾನುವಾರ ಚರ್ಚಿಗೆ ಹೋಗದೆ ತಂಗಿಯ ಮನೆಗೆ ಹೋದೆ. ನೀರಿನ ಜಗ್ಗಿಗೆ ಫೋನು ಒರಗಿಸಿ ಇಬ್ಬರೂ ಲೈವ್ ನೋಡಿದೆವು. ಮೂರನೇ ಮೈಕಿನ ಮುಂದೆ ಯಾರೂ ಇರಲಿಲ್ಲ. ಹಾಡು ಶುರುವಾಯಿತು. ನಾನಿದ್ದಾಗ ಹೇಗಿತ್ತೋ ಹಾಗೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗಿಟಾರಿನ ಹುಡುಗಿ ಮಾತ್ರ ಒಂದು ಹೆಜ್ಜೆ ಈಚೆ ಬಂದು ಆರಾಮಾಗಿ ನಿಂತಿದ್ದಳು.

ಫೋನು ಆರಿಸಿದೆ. ಮಂಚದ ಅಂಚಿನಲ್ಲಿ ಕೂತು ಅಪ್ಪ ಮೊದಲು ಕಲಿಸಿದ ಕೀರ್ತನೆಯನ್ನು ಎತ್ತಿಕೊಂಡೆ. ವೈರಿಲ್ಲ, ಗುಂಡಿಯಿಲ್ಲ, ಈಗ ಯಾರು ತಡೆಯುತ್ತಾರೋ ನೋಡೋಣ ಎಂದು ಹಾಡಿದೆ. ತಂಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಚರಣಕ್ಕೆ ಬರುವಾಗ ಅವಳ ಹಣೆ ಗಂಟಿಕ್ಕಿತು. ಆಮೇಲೆ ಅಪ್ಪನ ಹಾಗೆ ಕೈ ಎತ್ತಿದಳು.

ಕೇಳಿಸುತ್ತಿಲ್ಲವೇನೋ ಎಂದು ಇನ್ನಷ್ಟು ಏರಿಸಿದೆ. ಅವಳು ನನ್ನ ಮುಂಗೈ ಹಿಡಿದಳು.

"ಕೇಳಿಸ್ತಿದೆ ಅಕ್ಕ. ಶ್ರುತಿ ಬಿಟ್ಟುಹೋಗ್ತಿದೀಯ. ತುಂಬಾನೇ."

ಪಾಸ್ಟರ ಸೊಸೆ ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದೆ. ಹೇಳಿದವಳು ಇವಳು. ನನ್ನ ಗಂಡ ನಿಲ್ಲಿಸಿದ್ದು ನನ್ನ ದನಿಯನ್ನಷ್ಟೇ ಅಲ್ಲ, ಈ ಮಾತನ್ನೂ. ನನ್ನ ಕಿವಿಗೆ ಮುಟ್ಟದ ಹಾಗೆ ಇಷ್ಟು ಕಾಲ ತಡೆದಿಟ್ಟು, ಆ ಅಪಸ್ವರವನ್ನೆಲ್ಲ ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿಕೊಂಡು ಕೂತಿದ್ದ. ಅಳು ಬಂತು. ಅವಮಾನಕ್ಕೋ ಇನ್ನೇನಕ್ಕೋ, ನನಗೇ ಗೊತ್ತಾಗಲಿಲ್ಲ.

"ನಿಲ್ಲಿಸ್ಬೇಡ," ಎಂದಳು ತಂಗಿ. "ನಾನು ಎರಡನೇ ದನಿ ಹಿಡೀತೀನಿ. ಅದನ್ನ ಕೇಳ್ಕೊಂಡು ಬಾ."

ಮೆಟ್ಟಿಲು ಹತ್ತಲು ಉಸಿರಿಲ್ಲದವಳು ಹಾಡಲು ಶುರುಮಾಡಿದಳು. ದನಿ ಇದೆಯೋ ಇಲ್ಲವೋ ಅನ್ನುವಷ್ಟಿತ್ತು, ಆದರೆ ಶ್ರುತಿ ಒಂದಿಷ್ಟೂ ಅಲುಗಲಿಲ್ಲ. ನಾನು ಬಾಯಿ ತೆರೆದರೆ ಅದು ಮುಳುಗಿಹೋಗುತ್ತಿತ್ತು. ಅದನ್ನು ಕೇಳುವುದಕ್ಕೆಂದು, ಹುಟ್ಟಿದಾಗಿನಿಂದ ಮೊದಲ ಸಲ, ನಾನು ದನಿ ತಗ್ಗಿಸಿ ಹಾಡಿದೆ.