ರುಚಿ ನೋಡದ ಬಾಣಸಿಗ

ನಡೆಯುವಾಗ, ಕೂತಿರುವಾಗ, ಯಾರಾದರೂ ಎದುರು ನಿಂತು ಮಾತಾಡಿಸುತ್ತಿರುವಾಗಲೂ ಆವಲಪ್ಪನ ಬಲಗೈ ತೋರುಬೆರಳು ಎಡಗೈ ಹೆಬ್ಬೆರಳಿನ ಬುಡದ ಉಬ್ಬನ್ನು ಮೆಲ್ಲಗೆ ಒತ್ತಿ ನೋಡುತ್ತಲೇ ಇರುತ್ತಿತ್ತು. ಹೊಸಬರು ಅದನ್ನು ಜಪವೆಂದು ತಿಳಿಯುತ್ತಿದ್ದರು. ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಳ್ಳುವ ರೋಗಭಯವೆಂದು ಕೆಲವರು ನಗುತ್ತಿದ್ದರು. ಅದು ಜಪವೂ ಅಲ್ಲ, ಭಯವೂ ಅಲ್ಲ. ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಿದರೆ ಆ ಉಬ್ಬು ಎಷ್ಟು ಮೆತ್ತಗಿರುತ್ತದೆ, ಕಿರುಬೆರಳಿಗೆ ತಾಗಿಸಿದರೆ ಎಷ್ಟು ಬಿಗಿಯಾಗುತ್ತದೆ ಎಂಬ ಲೆಕ್ಕದ ಮೇಲೆ, ಬಾಣಲಿಯಲ್ಲಿರುವ ಮಾಂಸ ಹಸಿಯೋ ಹದವೋ ಗಟ್ಟಿಯೋ ಎಂದು ಹೇಳಬಲ್ಲ ವಿದ್ಯೆ ಅದು. ಇಪ್ಪತ್ತನಾಲ್ಕು ವರ್ಷ ಬೆಂಗಳೂರಿನ ದಂಡಿನ ಬಂಗಲೆಯೊಂದರಲ್ಲಿ ಬಟ್ಲರನಾಗಿ ದುಡಿದ ಕೈ ಅದನ್ನು ಕಲಿತಿತ್ತು. ಕೆಲಸ ಬಿಟ್ಟುಹೋದ ಮೇಲೂ ಕೈ ಅದನ್ನು ಬಿಟ್ಟಿರಲಿಲ್ಲ.

ದೇವನಹಳ್ಳಿಯಿಂದ ಎರಡು ಹರದಾರಿ ದೂರದ ನಮ್ಮ ಊರಿಗೆ ಅವನು ಹಿಂದಿರುಗಿದ್ದು ಸಾವಿರದ ಒಂಬೈನೂರ ಅರವತ್ತೆರಡರಲ್ಲಿ. ಬಂಗಲೆಯ ಯಜಮಾನರು ಸೈನ್ಯದಿಂದ ನಿವೃತ್ತರಾದ ಡಾಕ್ಟರರು. ಮನೆ ಮಾರಿ ಹೆಂಡತಿಯೊಡನೆ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವನಿಗೆ ಒಂದು ಕರಿ ಕೋಟನ್ನೂ, ಎರಡು ಕೈಯಲ್ಲಿ ಎತ್ತಬೇಕಾದ ಎರಕದ ಕಬ್ಬಿಣದ ಬಾಣಲಿಯನ್ನೂ ಕೊಟ್ಟುಹೋದರು. ಎತ್ತರದ, ಒಣಕಲು ಆಳು. ಕೈ ಬೀಸದೆ, ಹೆಜ್ಜೆಯ ಸದ್ದಾಗದಂತೆ, ತುಂಬಿದ ತಟ್ಟೆಯೊಂದನ್ನು ಸದಾ ಹೊತ್ತು ಸಾಗುತ್ತಿರುವವನಂತೆ ನಡೆಯುತ್ತಿದ್ದ. ಏನು ಕೇಳಿದರೂ ಮೊದಲು "ಸಾವಕಾಶ, ಸಾವಕಾಶ" ಎಂದು, ಆಮೇಲೆ ಉತ್ತರ ಹೇಳುತ್ತಿದ್ದ. ಬಿರುಬಿಸಿಲಲ್ಲೂ ಕೋಟಿನ ಮೇಲಿನ ಗುಂಡಿ ಹಾಕದೆ ಬೀದಿಗಿಳಿದವನಲ್ಲ.

ಆ ಬಂಗಲೆಯ ಮೇಜಿನಲ್ಲಿ ಮೆಚ್ಚಿನ ತಿನಿಸೊಂದಿತ್ತು. ದಪ್ಪನೆಯ ಗೋಮಾಂಸವನ್ನು ಒಂದೊಂದು ಬಾಯಿಗೆ ಒಂದೊಂದರಂತೆ ತುಂಡರಿಸಿ, ಬಟ್ಟೆಯಿಂದ ಒತ್ತಿ ನೀರಿನ ಪಸೆ ತೆಗೆದು, ಉಪ್ಪು ಮೆಣಸು ಹಚ್ಚಿ, ಹೊಗೆಯಾಡುವಷ್ಟು ಕಾದ ಬಾಣಲಿಗೆ ಬಿಡಿಬಿಡಿಯಾಗಿ ಹಾಕಿ, ತಳ ಕಂದುಗಟ್ಟುವವರೆಗೆ ಕದಲಿಸದೆ, ಒಮ್ಮೆ ಮಾತ್ರ ಮಗುಚಿ, ಕೊನೆಯಲ್ಲಿ ಬೆಣ್ಣೆಯನ್ನೂ ಜಜ್ಜಿದ ಬೆಳ್ಳುಳ್ಳಿಯನ್ನೂ ಹಾಕಿ, ಕರಗಿದ ಬೆಣ್ಣೆಯನ್ನು ಚಮಚದಲ್ಲಿ ಮೊಗೆದು ಮೊಗೆದು ಮೇಲೆ ಹುಯ್ಯುವುದು. ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಮುಗಿಯುವ ಅಡುಗೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಷ್ಟೇ ಮೃದು. ಡಾಕ್ಟರರ ಅತಿಥಿಗಳು ಅದಕ್ಕಾಗಿಯೇ ಬರುತ್ತಿದ್ದರಂತೆ. ಆದರೆ ಆವಲಪ್ಪ ಅದನ್ನು ಒಂದು ದಿನವೂ ನಾಲಗೆಗೆ ತಾಗಿಸಲಿಲ್ಲ. ಊರು ಬಿಡುವಾಗ ತಾಯಿಗೆ ಆಣೆ ಮಾಡಿ ಬಂದಿದ್ದ. ಉಪ್ಪನ್ನು ಕಣ್ಣಲ್ಲಿ, ಖಾರವನ್ನು ಮೂಗಿನಲ್ಲಿ, ಹದವನ್ನು ಹೆಬ್ಬೆರಳಿನ ಬುಡದಲ್ಲಿ ಅಳೆಯಲು ಕಲಿತದ್ದೇ ಆ ಆಣೆಯನ್ನು ಉಳಿಸಿಕೊಳ್ಳಲು.

ಇದನ್ನು ಊರು ನಂಬಲಿಲ್ಲ. ಅವನು ಬಂದ ಎಂಟನೆಯ ದಿನ ಕುಲದ ಯಜಮಾನ ವೆಂಕಟರಾಯಪ್ಪ ಅರಳಿಕಟ್ಟೆಗೆ ಕರೆಸಿದ.

"ಮುಟ್ಟಿದ್ದು ನಿಜವೇನಪ್ಪಾ?"

"ಮುಟ್ಟಿದ್ದೀನಿ ಯಜಮಾನ್ರೇ, ಬೇಯ್ಸಿದ್ದೀನಿ. ತಿಂದಿಲ್ಲ."

"ರುಚಿ ನೋಡ್ದೆ ಅಡ್ಗೆ ಮಾಡೋನು ಭೂಮಿ ಮೇಲೆ ಎಲ್ಲಿದಾನೋ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆವಲಪ್ಪ ತನ್ನ ಹೆಬ್ಬೆರಳನ್ನು ತೋರಿಸಿ ವಿವರಿಸತೊಡಗಿದ. ನಗು ಇನ್ನೂ ಜೋರಾಯಿತು. ಕೆರೆಯಲ್ಲಿ ಮುಳುಗಿಸಿ, ತೀರ್ಥ ಕುಡಿಸಿ, ಕುಲದೊಳಗೇನೋ ಸೇರಿಸಿಕೊಂಡರು. ಆದರೆ ಅವನು ಬೇಯಿಸಿದ್ದನ್ನು, ಬಡಿಸಿದ್ದನ್ನು ಯಾರೂ ಮುಟ್ಟಕೂಡದೆಂಬ ಮಾತು ಉಳಿಯಿತು.

ಹೆಂಡತಿ ಮುತ್ತಮ್ಮ ಅಂದು ಮನೆಗೆ ಬಂದವಳೇ ಒಲೆಯ ಮುಂದೆ ಕೂತು, ಅವನ ಮುಖ ನೋಡದೆ ಹೇಳಿದಳು: "ಲಕ್ಷ್ಮಿಗೆ ಗಂಡು ನೋಡ್ಬೇಕು. ಹೆಣ್ಣಿನ ತಾಯಿ ನಾನು. ನೀನು ಬೇಯ್ಸಿದ್ದು ನಾನು ತಿಂದ್ರೆ ಈ ಮನೆ ಬಾಗ್ಲಿಗೆ ಯಾರೂ ಬರಲ್ಲ."

"ಸಾವಕಾಶ ಮುತ್ತಾ," ಎಂದ ಆವಲಪ್ಪ.

ಹೀಗೆ ಒಂದು ಮನೆಯಲ್ಲಿ ಎರಡು ಒಲೆಗಳಾದವು. ಅವಳು ಬೇಯಿಸಿದ ಮುದ್ದೆ ಸಾರನ್ನು ಅವನು ಉಣ್ಣುತ್ತಿದ್ದ. ಭಾನುವಾರ ಮಾತ್ರ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಬಾಣಲಿ ಇಡುತ್ತಿದ್ದ. ದೇವನಹಳ್ಳಿ ಕೋಟೆಯ ಬಳಿಯ ಅಂಗಡಿಯಿಂದ, ಗೋಮಾಂಸದ ಬದಲಿಗೆ, ಎಳೆಯ ಮೇಕೆಯ ಬೆನ್ನೆಲುಬಿನ ಪಕ್ಕದ ಮೆತ್ತನೆಯ ಮಾಂಸವನ್ನೇ ಕೇಳಿ ತರುತ್ತಿದ್ದ. ಗಂಟೆಗಟ್ಟಲೆ ಮಡಕೆಯಲ್ಲಿ ಕುದಿಸಿ ಉಣ್ಣುವ ನಮ್ಮ ಜನಕ್ಕೆ ಆ ಅರೆಗಳಿಗೆಯ ಬೇಯಿಸುವಿಕೆ ಹುಚ್ಚಾಟವಾಗಿ ಕಂಡಿತು. ಆ ತಿನಿಸಿನ ರುಚಿಯನ್ನು ಅವನು ಮೊದಲ ಬಾರಿಗೆ ಕಂಡದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಆ ಹಿತ್ತಿಲಲ್ಲಿ, ಒಬ್ಬನೇ ಕುಕ್ಕರುಗಾಲಿನಲ್ಲಿ ಕೂತು.

ಅರವತ್ತಾರರಲ್ಲಿ ಮಗಳು ಆದಿಲಕ್ಷ್ಮಮ್ಮನ ಮದುವೆ ಹೊಸಕೋಟೆಯ ಕಡೆಯ ಗಂಡಿನೊಡನೆ ನಡೆಯಿತು. ಬೀಗರೂಟದ ದಿನ ಚಪ್ಪರದ ಹಿಂದೆ ಬಾಡಿನ ಹಂಡೆಗಳು ಕುದಿಯುತ್ತಿದ್ದಾಗ ಆವಲಪ್ಪ ಆ ಕಡೆಗೆ ಹೆಜ್ಜೆಯಿಟ್ಟ. ಮುತ್ತಮ್ಮನ ಅಣ್ಣ ಸಂಜೀವಪ್ಪ ಅಡ್ಡ ಬಂದು, ಮೆಲ್ಲಗೆ ತೋಳು ಹಿಡಿದು, "ಬಾವ, ನೀನು ಚಪ್ಪರದಲ್ಲೇ ಕೂತ್ಕೋ. ಬೀಗರು ನೋಡ್ತಾವ್ರೆ" ಎಂದ. ಸಾಹೇಬರ ನೂರು ಔತಣಗಳನ್ನು ಒಬ್ಬನೇ ನಿಭಾಯಿಸಿದವನು ಮಗಳ ಮದುವೆಯಲ್ಲಿ ಒಂದು ಸೌಟನ್ನೂ ಮುಟ್ಟದೆ, ಕೋಟು ತೊಟ್ಟು, ಕೈಗಳನ್ನು ಮಂಡಿಯ ಮೇಲಿಟ್ಟು ಕೂತ. ಮಾಂಸ ನಾರುನಾರಾಗಿತ್ತು. ಅವನು ಎಲೆಯಲ್ಲಿ ಒಂದು ಚೂರನ್ನೂ ಬಿಡದೆ ಉಂಡು, "ಚೆನ್ನಾಗಿತ್ತು" ಎಂದು ಅಡುಗೆಯವರಿಗೆ ಹೇಳಿಕಳಿಸಿದ.

ಮದುವೆಯಾದ ಮೇಲೆ ಮುತ್ತಮ್ಮನ ಹೆದರಿಕೆಗೆ ಕಾರಣ ಉಳಿದಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅಭ್ಯಾಸವೇ ಗೋಡೆಯಾಗಿತ್ತು. ಅವನು ಕರೆಯಲಿಲ್ಲ, ಅವಳು ಕೇಳಲಿಲ್ಲ. ಏಳು ವರ್ಷ ಹಾಗೆಯೇ ಕಳೆಯಿತು.

ಎಪ್ಪತ್ತಮೂರರ ಬೇಸಿಗೆಯಲ್ಲಿ ಮುತ್ತಮ್ಮ ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗೆಡ್ಡೆ. ದೊಡ್ಡಬಳ್ಳಾಪುರದ ಡಾಕ್ಟರರು ನೋಡಿ, ಇನ್ನು ಪಥ್ಯವೇನೂ ಬೇಡ, ಬಾಯಿ ಬೇಡಿದ್ದನ್ನು ಕೊಡಿ ಎಂದುಬಿಟ್ಟರು. ಅವಳ ಬಾಯಿ ಏನನ್ನೂ ಬೇಡಲಿಲ್ಲ. ಗಂಜಿಯೂ ಇಳಿಯದು. ಆರೈಕೆಗೆಂದು ಆದಿಲಕ್ಷ್ಮಮ್ಮ ತವರಿಗೆ ಬಂದು ನಿಂತಳು. ಒಂದು ಭಾನುವಾರ ಹಿತ್ತಿಲಿಂದ ಬೆಳ್ಳುಳ್ಳಿ ಬೆಣ್ಣೆಯಲ್ಲಿ ಕೆಂಪಾಗುವ ಘಮ ಒಳಗೆ ಬಂದಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಹೊರಳಿ, "ಲಕ್ಷ್ಮೀ, ನಿಮ್ಮಪ್ಪನ್ನ ಕರಿ. ಬೀದಿ ಬಾಗ್ಲು ಮುಂದಕ್ಕೆ ಹಾಕು" ಎಂದಳು.

ಆವಲಪ್ಪ ಬಂದು ನಿಂತ.

"ಹನ್ನೊಂದು ವರ್ಷದಿಂದ ಮೂಗಲ್ಲಿ ತಿಂತಿದ್ದೀನಿ," ಎಂದಳು ಮುತ್ತಮ್ಮ. "ಒಂದು ಚೂರು ಬಾಯಿಗೂ ಕೊಡು."

ಅವನು ಒಲೆಯ ಬಳಿಗೆ ಹೋಗಿ, ಹಲ್ಲಿಲ್ಲದ ಬಾಯಿಗೆ ಆಗುವಂತೆ ಮಾಂಸವನ್ನು ಹುಣಸೆಬೀಜದಷ್ಟು ಸಣ್ಣಗೆ ಹೆಚ್ಚಿ, ಹೊಸದಾಗಿ ಬೇಯಿಸಿ ತಂದ. ಮುತ್ತಮ್ಮ ಒಂದು ಚೂರನ್ನು ಬಾಯಲ್ಲಿಟ್ಟು, ವಸಡಿನಲ್ಲಿ ಒತ್ತಿ ಒತ್ತಿ ರುಚಿ ನೋಡಿದಳು.

"ಖಾರ ಸಾಲ್ದು," ಎಂದಳು.

"ಅದು... ದೊರೆಗಳು ಖಾರ ತಿಂತಿರ್ಲಿಲ್ಲ."

"ನಾನೇನು ದೊರೆಸಾನಿಯೇನಯ್ಯಾ?"

ಆವಲಪ್ಪ ನಕ್ಕುಬಿಟ್ಟ. ಅವನು ಬಾಯ್ಬಿಟ್ಟು ನಕ್ಕದ್ದನ್ನು ಆದಿಲಕ್ಷ್ಮಮ್ಮ ಕಂಡದ್ದು ಅದೊಂದೇ ಸಲ. ಮರುವಾರ ಒಣಮೆಣಸಿನಕಾಯಿಯನ್ನು ಹುರಿದು ತರಿತರಿಯಾಗಿ ಕುಟ್ಟಿ ಬೆಣ್ಣೆಗೆ ಹಾಕಿದ. ಮುತ್ತಮ್ಮ ನಾಲ್ಕು ಚೂರು ತಿಂದು ಬೆರಳು ಚೀಪಿದಳು. ಅದರ ಮುಂದಿನ ವಾರ ಎರಡು ಚೂರು. ಆಮೇಲಿನ ವಾರ ಬಾಯಿಗಿಟ್ಟದ್ದನ್ನು ನುಂಗಲಾಗದೆ, ಅವನ ಅಂಗೈಗೇ ಉಗಿದು, "ಚೆನ್ನಾಗೈತೆ. ನನ್ ಕೈಲಿ ಆಗ್ತಿಲ್ಲ, ಅಷ್ಟೇಯ" ಎಂದಳು. ಹತ್ತು ದಿನಕ್ಕೆ ತೀರಿಕೊಂಡಳು.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಪ್ರಿಯವಾದ ತಿನಿಸುಗಳನ್ನೆಲ್ಲ ಎಡೆಯಿಡುವುದು ನಮ್ಮ ಕಡೆಯ ಪದ್ಧತಿ. ಆವಲಪ್ಪ ಮುಂಜಾನೆಯೇ ಎದ್ದು, ಕೋಟು ತೊಟ್ಟು, ಒಂದು ಬಟ್ಟಲಿನಲ್ಲಿ ಆ ಖಾರದ ತುಂಡುಗಳನ್ನು ಮಾಡಿಕೊಂಡು ಸಮಾಧಿಯ ಬಳಿಗೆ ಬಂದ. ನೆಂಟರಿಷ್ಟರೆಲ್ಲ ಸುತ್ತ ನಿಂತಿದ್ದರು. ಸಂಜೀವಪ್ಪ ಬಟ್ಟಲನ್ನು ನೋಡಿ ಮುಂದೆ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ದುಃಖವೇ ಇತ್ತು.

"ಇದನ್ನ ಇಡ್ಬೇಡ ಬಾವ. ನಿನ್ನ ಕೈದು ಒಂದ್ ಅಗುಳು ಮುಟ್ದಂಗೆ ಕುಲದ ಮಾತು ಉಳಿಸ್ಕೊಂಡು ಹೋದ್ಲು ನನ್ ತಂಗಿ. ಸತ್ತ ಮೇಲೆ ಅವಳ ಬಾಯಿಗೆ ಯಾಕಪ್ಪಾ ಇದನ್ನ ಇಡ್ತೀಯ?"

ಆದಿಲಕ್ಷ್ಮಮ್ಮ ಬಾಯಿ ತೆರೆದಳು. ಒಂದೇ ಮಾತು ಸಾಕಾಗಿತ್ತು. ಆದರೆ ತಂದೆ ಅವಳ ಕಡೆ ನೋಡಿ, ಯಾರಿಗೂ ಕಾಣದಷ್ಟು ಮೆಲ್ಲಗೆ ಬೇಡವೆಂದು ತಲೆಯಾಡಿಸಿದ.

"ನಿಜ ಬಾವ," ಎಂದ ಆವಲಪ್ಪ. "ಅವಳು ಮುಟ್ತಿರ್ಲಿಲ್ಲ. ನಂದೇ ತಪ್ಪು."

ಬಟ್ಟಲಿಗೆ ಎಲೆ ಮುಚ್ಚಿ ಪಕ್ಕಕ್ಕಿಟ್ಟು ಎಡೆಗೆ ಕೈಮುಗಿದ. ಊಟದ ಹೊತ್ತಿಗೆ ಪಂಕ್ತಿಯ ಕೊನೆಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ಎದ್ದ. ಆ ಸಂಜೆಯೇ ಬಾಣಲಿಯನ್ನು ತೊಳೆದು, ಒರೆಸಿ, ಎಣ್ಣೆ ಸವರಿ ಮಗಳ ಗಾಡಿಯಲ್ಲಿಟ್ಟ. ಮತ್ತೆ ಅವನು ಅಡುಗೆ ಮಾಡಲಿಲ್ಲ. ಇನ್ನೂ ನಾಲ್ಕು ವರ್ಷ ಬದುಕಿದ್ದು, ಎಪ್ಪತ್ತೇಳರ ಚಳಿಗಾಲದಲ್ಲಿ ಹೊಸಕೋಟೆಯ ಮಗಳ ಮನೆಯಲ್ಲಿ ಕಣ್ಣುಮುಚ್ಚಿದ. ಅವನೂ ಸಂಜೀವಪ್ಪನೂ ಇಬ್ಬರೂ ಹೋದ ಮೇಲಷ್ಟೇ ಆದಿಲಕ್ಷ್ಮಮ್ಮ ಇದನ್ನೆಲ್ಲ ನನಗೆ ಹೇಳಿದ್ದು.

ಸತ್ಯವನ್ನಾಡಿ ಗೆದ್ದವರ ಕಥೆಗಳನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆವಲಪ್ಪನಂಥವರ ಕುಲವೇ ಬೇರೆ. ಜನ್ಮವೆಲ್ಲ ಇನ್ನೊಬ್ಬರ ಕುರ್ಚಿಯ ಹಿಂದೆ ನಿಂತು ಕಳೆದ ಇವರು, ಉಣ್ಣುವವರಿಗೆ ಅಡುಗೆಮನೆಯ ಹೊಗೆ ತಾಗಬಾರದೆಂಬುದನ್ನು ಕಲಿತಿರುತ್ತಾರೆ. ಅವರು ತಾವು ತಿನ್ನಲಿಲ್ಲವೆಂದು ಹೇಳಿದ ನಿಜವನ್ನು ಯಾರೂ ನಂಬುವುದಿಲ್ಲ. ಹೆಂಡತಿ ತಿನ್ನಲಿಲ್ಲವೆಂದು ಹೇಳಿದ ಸುಳ್ಳನ್ನು ಎಲ್ಲರೂ ಒಡನೆಯೇ ನಂಬುತ್ತಾರೆ. ಈ ಎರಡರ ನಡುವೆ ತಮ್ಮ ಪಾಲಿಗೆ ಬಂದ ನಾಲ್ಕು ಭಾನುವಾರಗಳನ್ನು ಯಾರಿಗೂ ತೋರಿಸದೆ ಇಟ್ಟುಕೊಂಡು, ಅವರು ಸದ್ದಿಲ್ಲದೆ ಹೊರಟುಹೋಗುತ್ತಾರೆ.