ತೊಮಾಸಾಳ ಬಾಲ್ಕನಿಯ ತಾಳೆ

ಬೇಸಿಗೆಯಲ್ಲಿ ತಾಳೆಯ ಹಸಿರು ಗರಿಗೆ ಕತ್ತಿ ಮುಟ್ಟಿಸಬಾರದು ಎಂದು ಎಲ್ಚೆ ಊರಿನಲ್ಲಿ ಗಾಸ್ಪಾರನಷ್ಟು ಜೋರಾಗಿ ಹೇಳಿದವರು ಇನ್ನೊಬ್ಬರಿಲ್ಲ. ಗಾಯದ ವಾಸನೆ ಗಾಳಿಗೆ ಬಿದ್ದರೆ ಸಾಕು, ಕೆಂಪು ಮೂತಿ ಹುಳು ಎಲ್ಲಿಂದಲೋ ಹಾರಿಬಂದು ಮೊಟ್ಟೆ ಇಡುತ್ತದೆ. ಮರಿಗಳು ಮರವನ್ನು ಒಳಗಿಂದಲೇ ತಿಂದು ಮುಗಿಸುತ್ತವೆ. ಚಳಿಗಾಲದವರೆಗೆ ಕಾಯಲಾರದೆ ಕತ್ತಿ ಎತ್ತಿದವರನ್ನು ಅವನು ನಡುಬೀದಿಯಲ್ಲೇ ನಿಲ್ಲಿಸಿ ನೀರಿಳಿಸುತ್ತಿದ್ದ. ನಲವತ್ತೆರಡು ವರ್ಷ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ತಾಳೆ ಹತ್ತಿದವನ ಬಾಯಿಗೆ ಎದುರಾಡುವವರು ಯಾರು?

ಎರಡು ವರ್ಷದ ಹಿಂದೆ ಪಕ್ಕದ ಮನೆಯ ವಿಧವೆ ಕಿತೇರಿಯಾ, ಗಂಡ ನೆಟ್ಟ ಮರಕ್ಕೆ ಹುಳು ಬಿದ್ದದ್ದನ್ನು ಮುಚ್ಚಿಟ್ಟಿದ್ದಳು. ಎರಡು ದಿನ ಗಡುವು ಕೊಟ್ಟು, ಆಮೇಲೆ ಪುರಸಭೆಗೆ ಹೋಗಿ ಹೇಳಿದವನು ಇವನೇ. ಮರ ಕಡಿಯುವಾಗ ಆಕೆ ಗೋಡೆಗೆ ಒರಗಿಕೊಂಡು ಬಿಕ್ಕಿದಳು. ಗಾಸ್ಪಾರ್ ಟೋಪಿ ಸರಿಮಾಡಿಕೊಂಡು, “ಒಂದಕ್ಕೆ ಅಳ್ತಾ ಕೂತ್ರೆ ನೂರು ಹೋಗ್ತವೆ, ಕಿತೇರಿಯಾ” ಅಂದ. ಮಾತು ಸರಿಯೇ ಇತ್ತು. ಆದರೆ ಹೆಣದ ಮುಂದೆ ಆಡುವ ಮಾತಲ್ಲ ಅದು.

ಅಂಥವನು ಈ ವರ್ಷ ಏಪ್ರಿಲ್‌ನಲ್ಲಿ, ಈಸ್ಟರ್ ಕಳೆದ ವಾರ, ತನ್ನ ಮನೆಯೆದುರಿನ ಮರದಿಂದ ಹನ್ನೊಂದು ಹಸಿರು ಗರಿ ಕಡಿದ.

ಹೆಂಡತಿ ತೊಮಾಸಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಇನ್ನು ನಮ್ಮ ಕೈಲಿಲ್ಲ ಎಂದು ವೈದ್ಯರು ಹೇಳಿ ಕಳಿಸಿದ್ದರು. ಗಾಳಿ ಬರಲಿ ಎಂದು ಮಹಡಿಯ ಕೋಣೆಯಲ್ಲಿ, ಬಾಲ್ಕನಿಯ ಬಾಗಿಲಿಗೆ ಮುಖಮಾಡಿ ಮಂಚ ಹಾಕಿದರು. ಆದರೆ ಬಾಲ್ಕನಿಯೆದುರು ಮದುವೆಯಾದ ವರ್ಷ ಇಬ್ಬರೂ ಸೇರಿ ನೆಟ್ಟ ಕ್ಯಾನರಿ ತಾಳೆ ಇತ್ತು. ತಿನ್ನುವ ಹಣ್ಣಿಲ್ಲ, ಚಂದಕ್ಕೆ ಬೆಳೆಸುವ ಮರ. ಅದರ ತಲೆ ಈಗ ಸರಿಯಾಗಿ ಮಹಡಿಯ ಎತ್ತರಕ್ಕೆ ಬಂದು, ಗರಿಗಳು ಗೋಡೆಯ ಹಾಗೆ ಅಡ್ಡ ನಿಂತಿದ್ದವು.

“ಗಾಸ್ಪಾರ್, ಬೀದಿ ಕಾಣಲ್ಲ ಕಣೋ,” ಎಂದಳು ತೊಮಾಸಾ. “ಒಂದಷ್ಟು ಗರಿ ತೆಗೀತೀಯಾ?”

“ಡಿಸೆಂಬರ್ ಬರ್ಲಿ.”

“ಡಿಸೆಂಬರ್‌ಗೆ ನಾನಿರ್ತೀನಾ?”

ಅವನು ಕೆಳಗೆ ಹೋಗಿ ಕತ್ತಿ ಮಸೆದ. ಕಡಿದ ಮೇಲೆ ಪ್ರತಿ ಗಾಯಕ್ಕೂ ಎರಡೆರಡು ಸಲ ಲೇಪ ಬಳಿದ, ಔಷಧಿ ಹೊಡೆದ, ಕಳ್ಳನ ಹಾಗೆ ಗರಿಗಳನ್ನು ಗೋಣಿಯಲ್ಲಿ ಸುತ್ತಿ ಹಿತ್ತಲಿಗೆ ಸಾಗಿಸಿದ. ತೊಮಾಸಾಳಿಗೆ ಬೀದಿ ಕಂಡಿತು. ಯಾರು ಬ್ರೆಡ್ಡಿಗೆ ಹೋದರು, ಯಾವ ಹುಡುಗಿ ಯಾರ ಮೇಲೆ ಮುನಿಸಿಕೊಂಡಿದ್ದಾಳೆ, ಕಿತೇರಿಯಾ ಕೂದಲಿಗೆ ಎಂಥ ಬಣ್ಣ ಬಳಿದುಕೊಂಡಿದ್ದಾಳೆ, ಎಲ್ಲದಕ್ಕೂ ಅವಳದೊಂದು ಟೀಕೆ. ಮೇ ತಿಂಗಳಿಡೀ ಮಹಡಿಯಲ್ಲಿ ನಗು ಕೇಳಿಸುತ್ತಿತ್ತು.

ಆಗಸ್ಟ್‌ನಲ್ಲಿ ಸುಳಿಯ ಗರಿ ಒಂದು ಪಕ್ಕಕ್ಕೆ ವಾಲಿತು. ಗಾಸ್ಪಾರ್ ಕಾಂಡಕ್ಕೆ ಕಿವಿಯಿಟ್ಟ. ಒಳಗೆ ಯಾರೋ ಒಣ ಬ್ರೆಡ್ ಅಗಿಯುತ್ತಿದ್ದ ಹಾಗೆ ಸದ್ದು. ಆ ಸದ್ದನ್ನು ಅವನು ಬೇರೆಯವರ ಮರಗಳಲ್ಲಿ ನೂರಾರು ಸಲ ಕೇಳಿದ್ದ. ಇವತ್ತು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಬೆಳಗ್ಗೆ ಏಣಿ ಹಾಕಿ ಸುಳಿಗೆ ಔಷಧಿ ಸುರಿದ. “ಏನೋ ಅದು?” ಎಂದು ತೊಮಾಸಾ ಕೇಳಿದರೆ, “ಧೂಳು ತೊಳೀತಿದ್ದೀನಿ,” ಎಂದ. ಸುಳಿ ಸತ್ತ ಮರ ಬದುಕುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲವೇ? ಮರ ಬದುಕಲಿ ಎಂಬ ಆಸೆಯೂ ಅವನಿಗಿರಲಿಲ್ಲ. ಅವಳಿರುವಷ್ಟು ದಿನ ನಿಂತಿದ್ದರೆ ಸಾಕಾಗಿತ್ತು. ಆದರೆ ಗೋಡೆಯಾಚೆ ಕಿತೇರಿಯಾಳ ಏಳು ತಾಳೆಗಳಿದ್ದವು, ಹುಳುವಿಗೆ ರೆಕ್ಕೆ ಇತ್ತು.

ಹತ್ತನೆಯ ದಿನ ಕಿತೇರಿಯಾ ಗೇಟಿನ ಹತ್ತಿರ ಬಂದು ನಿಂತಳು. ಕೈಯಲ್ಲೊಂದು ಗಾಜಿನ ಲೋಟ, ಅದರಲ್ಲಿ ಕೆಂಪು ಹುಳು.

“ನಿಮ್ಮನೇದು ನಮ್ಮನೆಗೆ ಬಂದಿತ್ತು. ವಾಪಸ್ ಕೊಡೋಣ ಅಂತ ಬಂದೆ.”

ಗಾಸ್ಪಾರ್ ತಲೆ ತಗ್ಗಿಸಿದ.

“ನಂಗೆ ಎರಡು ದಿನ ಗಡುವು ಕೊಟ್ಟಿದ್ದೆ ನೀನು. ನಾನು ನಿನ್ನಷ್ಟು ಕೆಟ್ಟವಳಲ್ಲ. ಮೂರು ದಿನ ಕೊಡ್ತೀನಿ.” ಇಷ್ಟು ಹೇಳಿ ಮಹಡಿಯ ಕಡೆ ನೋಡಿದಳು. ದನಿ ತಗ್ಗಿತು. “ಅವಳಿಗೆ ಗೊತ್ತಾ?”

“ಇಲ್ಲ.”

“ಇದು ನಿನ್ನೊಬ್ಬನ ಮರ ಆಗಿದ್ರೆ ನಾನು ಕುಣೀತಿದ್ದೆ ಗಾಸ್ಪಾರ್, ಆಣೆಗೂ,” ಎಂದವಳೇ ಕಣ್ಣೊರೆಸಿಕೊಂಡು ಹೋದಳು.

ಅವನು ಮೆಟ್ಟಿಲು ಹತ್ತಿ ಮಂಚದ ಅಂಚಿಗೆ ಕೂತ. “ಮರಕ್ಕೆ ಹುಳು ಬಿದ್ದಿದೆ.”

“ಗೊತ್ತು. ಎಂಟು ದಿನದಿಂದ ನೋಡ್ತಾನೇ ಇದ್ದೀನಿ. ನಾನೇನು ಮೀನು ಮಾರೋನ ಹೆಂಡ್ತಿನಾ?”

“ನಾನೇ ಮಾಡಿದ್ದು. ಏಪ್ರಿಲ್‌ನಲ್ಲಿ ಕತ್ತಿ ಹಾಕಿದೆ.”

“ಹಾಕು ಅಂದವಳು ನಾನು. ಅದು ಯಾವ ತಿಂಗಳು ಅಂತ ನಂಗೆ ಗೊತ್ತಿರಲಿಲ್ವಾ?”

ಗಾಸ್ಪಾರ್ ಬೆರಗಾಗಿ ನೋಡಿದ. “ಮತ್ತೆ ಯಾಕೆ ಕೇಳ್ದೆ?”

ತೊಮಾಸಾ ಉಸಿರು ಕೂಡಿಸಿಕೊಂಡಳು. “ಮಗಳು ಹುಟ್ಟಿದ ದಿನ ನೀನು ಗರಿಗಳ ಭಾನುವಾರದ ಚರ್ಚ್ ಮೆರವಣಿಗೆಗೆ ಬಿಳಿ ಗರಿ ಇಳಿಸ್ಬೇಕು ಅಂತ ಹೋದೆ. ನಮ್ಮಮ್ಮ ಸತ್ತಾಗ ನೀನು ಯಾರದೋ ಮರದ ಮೇಲಿದ್ದೆ, ಇಳಿದು ಬರೋಷ್ಟ್ರಲ್ಲಿ ಮಣ್ಣು ಮಾಡಿ ಆಗಿತ್ತು. ಒಂದೇ ಒಂದ್ಸಲ, ಮರ ಹೆಚ್ಚೋ ನಾನು ಹೆಚ್ಚೋ ಅಂತ ನೋಡ್ಬೇಕಿತ್ತು. ನೀನು ಆಗಲ್ಲ ಅಂತೀಯ, ಚೆನ್ನಾಗಿ ಬೈದು ಸಾಯೋಣ ಅಂದ್ಕೊಂಡಿದ್ದೆ.”

“ಕಡಿದೆನಲ್ಲೇ.”

“ಕಡಿದೆ. ಆ ದಿನ ಎಷ್ಟು ಖುಷಿಯಾಯ್ತು ಗೊತ್ತಾ? ಆಮೇಲೆ ಮರದ ಕಡೆ ನೋಡೋಕೇ ನಾಚಿಕೆ ಆಯ್ತು.”

ಗಾಸ್ಪಾರ್ ಅವಳ ಕೈಯನ್ನು ಮುಖಕ್ಕೊತ್ತಿಕೊಂಡು ಅತ್ತ. ಮದುವೆಯಾದ ಮೇಲೆ ಅವಳೆದುರು ಅತ್ತದ್ದು ಅದೇ ಮೊದಲು. ತೊಮಾಸಾ ಅವನ ತಲೆ ಸವರಿದಳು. “ಬೇರೆಯವರು ಬಂದು ಕಡಿಯೋದು ಬೇಡ. ನೀನೇ ಹತ್ತು,” ಎಂದಳು.

ಮರುದಿನ ಬೆಳಗ್ಗೆ ಅರವತ್ತಾರು ವರ್ಷದ ಗಾಸ್ಪಾರ್ ಹಗ್ಗ ಸುತ್ತಿಕೊಂಡು ತನ್ನ ಮರ ಹತ್ತಿದ. ಗರಿಗಳು ಒಂದೊಂದಾಗಿ ಬಿದ್ದವು. ಸುಳಿ ಕೊಳೆತು ಕಂದಾಗಿತ್ತು, ಹುಳಿ ನಾತ ಮೂಗಿಗೆ ಬಡಿಯಿತು. ಬೆವರೊರೆಸಿಕೊಳ್ಳಲು ತಲೆಯೆತ್ತಿದಾಗ ಎದುರಿಗೆ ತೊಮಾಸಾಳ ಮುಖ ಕಂಡಿತು. ಊರಿನ ಎಲ್ಲರ ಮನೆಯೊಳಗನ್ನೂ ಮೇಲಿಂದ ನೋಡಿದವನು, ಈ ಮರಕ್ಕೆ ಬಂದಾಗಲೆಲ್ಲ ಕಣ್ಣು ಗರಿಯ ಮೇಲೇ ಇಟ್ಟು, ಇಲ್ಲಿಂದ ತನ್ನ ಮನೆಯೊಳಗೆ ಒಮ್ಮೆಯೂ ನೋಡಿರಲಿಲ್ಲ. ಅವಳು ಇಷ್ಟು ಸಣ್ಣಗಾಗಿದ್ದಾಳೆಂದು ಅವನಿಗೆ ತಿಳಿದದ್ದು ಆಗಲೇ.

ಮಧ್ಯಾಹ್ನದೊಳಗೆ ಕಾಂಡವೂ ಲಾರಿಯೇರಿ ಹೋಯಿತು. ಕಿತೇರಿಯಾ ಯಾರೂ ಹೇಳದಿದ್ದರೂ ಬೀದಿ ಗುಡಿಸಿ, ಮೊಟ್ಟೆ ಹೊದಿಸಿ ಬೇಯಿಸಿದ ಅನ್ನ ತಂದಿಟ್ಟಳು.

ನಾಲ್ಕು ಗಂಟೆಗೆ ಪಡುವಣದ ಬಿಸಿಲು ನೇರವಾಗಿ ಮಂಚದ ಮೇಲೆ ಬಿತ್ತು. ಇದನ್ನು ಇಬ್ಬರೂ ಯೋಚಿಸಿರಲಿಲ್ಲ. ಯಾವ ಮರ ಎಲ್ಲಿ ನೆಟ್ಟರೆ ಯಾರ ಅಂಗಳಕ್ಕೆ ನೆರಳು ಎಂದು ಊರಿಗೆಲ್ಲ ಪಾಠ ಹೇಳಿದವನು ಗಾಸ್ಪಾರ್. ಬಾಗಿಲು ಮುಚ್ಚಿದರೆ ತೊಮಾಸಾಳಿಗೆ ಉಸಿರು ಕಟ್ಟಿತು. ಬಟ್ಟೆ ಕಟ್ಟಿದರೆ ಗಾಳಿ ನಿಂತಿತು. ಮಂಚ ಸರಿಸಲು ಹೋದರೆ ನೋವಿಗೆ ಚೀರಿದಳು. ಕೊನೆಗೆ ಅವನು ಬಾಲ್ಕನಿಗೆ ಹೋಗಿ ಸೂರ್ಯನಿಗೆ ಬೆನ್ನು ಮಾಡಿ ನಿಂತ. ಅವನ ನೆರಳು ಅವಳ ಮುಖದ ಮೇಲೆ ಬಿತ್ತು.

“ಇನ್ನೂ ಸ್ವಲ್ಪ ಎಡಕ್ಕೆ,” ಎಂದಳು ತೊಮಾಸಾ. “ಅಯ್ಯೋ, ಅಷ್ಟಲ್ಲ. ಬೀದಿನೇ ಮುಚ್ಚಿಬಿಟ್ಟೆಯಲ್ಲೋ.”

ಅಂದಿನಿಂದ ದಿನವೂ ನಾಲ್ಕರಿಂದ ಸೂರ್ಯ ಮುಳುಗುವತನಕ ಅವನು ಅಲ್ಲಿ ನಿಂತ. ಬಿಸಿಲು ಜರುಗಿದಂತೆ ಅವಳು ಹೇಳುತ್ತಿದ್ದಳು, ಇವನು ಸರಿಯುತ್ತಿದ್ದ. ಬೆನ್ನ ಚರ್ಮ ಸುಲಿಯಿತು. ಬೀದಿಯವರು ತಲೆಯೆತ್ತಿ ನೋಡಿ, ಏನೂ ಕೇಳದೆ ಮುಂದೆ ಹೋಗುತ್ತಿದ್ದರು. ಹೀಗೆ ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ ಐದೂವರೆಯ ಹೊತ್ತಿಗೆ ಅವಳ ಕೆನ್ನೆಯ ಮೇಲೆ ಬಿಸಿಲು ಬಂತು. ತೊಮಾಸಾ ಏನೂ ಹೇಳಲಿಲ್ಲ. ಗಾಸ್ಪಾರ್ ಸ್ವಲ್ಪ ಹೊತ್ತು ಕಾದ. ಆಮೇಲೆ ತಾನಾಗಿಯೇ ಎಡಕ್ಕೆ ಒಂದು ಹೆಜ್ಜೆ ಸರಿದು, ಕಿತೇರಿಯಾ ಮಹಡಿ ಹತ್ತಿ ಬಂದು ಕೈಹಿಡಿದು ಒಳಗೆ ಕರೆಯುವವರೆಗೂ ಹಾಗೆಯೇ ನಿಂತಿದ್ದ.